ಕಪಾಟಿನಲ್ಲಿಟ್ಟ ನಾಲ್ಕು ಲೇಸರ್ ಬಂದೂಕು

ಬೆಟಗೇರಿಯ ಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಣದ ಮಾಸ್ತರ. ಮಕ್ಕಳನ್ನು ಗುರಿ ಹೊಡೆಯುವ ಆಟಕ್ಕೆ ಕರೆದುಕೊಂಡು ಹೋಗಲು ಶುರು ಮಾಡಿದ ಮೇಲೆ ಮಾಶಾಕ ಅವರ ಪರಿಚಯವಾಯಿತು. ಈ ಒಂಬತ್ತು ವರ್ಷಗಳಲ್ಲಿ ಅವರಷ್ಟು ಹಚ್ಚಿಕೊಂಡು ಕಲಿಸುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅವರು ಮಾಡಿದ ತಪ್ಪನ್ನು ಬರೆಯುವ ಮೊದಲು ಇಷ್ಟನ್ನು ಹೇಳಲೇಬೇಕು.

ಅವರದು ಲಕ್ಷ್ಮೇಶ್ವರ. ತಂದೆ ರೈತರ ಬಂದೂಕು ರಿಪೇರಿ ಮಾಡುತ್ತಿದ್ದರು. ಚಿಗರಿಯ ಹಿಂಡು, ಕಾಡುಹಂದಿ ಹೊಲಕ್ಕೆ ಬೀಳುತ್ತಿದ್ದ ಕಾಲ. ಹೆದರಿಸಿ ಓಡಿಸಲು ಊರಿಗೆ ಐದಾರು ಜನರಾದರೂ ಲೈಸೆನ್ಸಿನ ಬಂದೂಕು ಇಟ್ಟುಕೊಂಡಿರುತ್ತಿದ್ದರು. ಚುನಾವಣೆ ಬಂತೆಂದರೆ ಅವೆಲ್ಲ ಪೊಲೀಸ್ ಠಾಣೆ ಸೇರಬೇಕು. ಮುಗಿದ ಮೇಲೆ ತುಕ್ಕು ಹಿಡಿದು ವಾಪಸು ಬರುತ್ತಿದ್ದವು. ಆಗ ಅಂಗಡಿಯ ಮುಂದೆ ಸಾಲು ಹತ್ತುತ್ತಿತ್ತು. ಮಾಶಾಕ ನಳಿಗೆ ತಿಕ್ಕುವುದು, ಸ್ಪ್ರಿಂಗು ಕೂಡಿಸುವುದು, ಕಟ್ಟಿಗೆಯ ಹಿಡಿಗೆ ಎಣ್ಣೆ ಉಣಿಸುವುದು ಎಲ್ಲವನ್ನೂ ಅಲ್ಲಿಯೇ ಕಲಿತರು. ಆಮೇಲೆ ಹೊಲಕ್ಕೆ, ಮುಟ್ಟಿದ ಪ್ರಾಣಿಗೆ ಕರೆಂಟಿನ ಪೆಟ್ಟು ಕೊಡುವ ಝಟಕಾ ತಂತಿಯ ಬೇಲಿ ಬಂತು. ಮುದುಕರಾದ ರೈತರು ಲೈಸೆನ್ಸು ಮುಂದುವರಿಸಲಿಲ್ಲ. ಒಂದು ವರ್ಷ ಚುನಾವಣೆ ಮುಗಿದರೂ ಅಂಗಡಿಗೆ ಯಾರೂ ಬರಲಿಲ್ಲ. ತಂದೆ ಮಾತ್ರ ಅಂಗಡಿ ತೆಗೆದು, ಒಂದೇ ಇಕ್ಕಳವನ್ನು ದಿನವಿಡೀ ಒರೆಸುತ್ತ ಕೂತಿರುತ್ತಿದ್ದರಂತೆ.

"ಅಬ್ಬಾನ್ನ ಯಾರೂ ಬ್ಯಾಡ ಅನ್ನಲಿಲ್ಲ ನೋಡ್ರಿ ಸರ. ಯಾರೂ ಕರೀಲೂ ಇಲ್ಲ, ಅಷ್ಟ," ಎಂದು ಮಾಶಾಕ ಒಮ್ಮೆ ನನಗೆ ಹೇಳಿದ್ದರು.

ತಂದೆ ತೀರಿದ ಮೇಲೆ ಅವರು ಹೆಂಡತಿ ಜನ್ನತಬಿಯೊಂದಿಗೆ ಗದಗಕ್ಕೆ ಬಂದರು. ಮುಂಡರಗಿ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಅರಳೆ ಜಿನ್ನಿಂಗ್ ಶೆಡ್ಡೊಂದರಲ್ಲಿ ವಕೀಲ ಸಿದ್ದಲಿಂಗೇಶ ಅವರು ಆಗಷ್ಟೇ ಗುರಿ ಹೊಡೆಯುವ ಕ್ಲಬ್ಬು ತೆಗೆದಿದ್ದರು. ಅಲ್ಲಿರುವುದು ಏರ್ ರೈಫಲ್ಲು. ಗಾಳಿಯ ಒತ್ತಡದಿಂದ ಕಡಲೆ ಕಾಳಿಗಿಂತ ಸಣ್ಣ ಸೀಸದ ಗುಂಡು ಹಾರಿ, ಹತ್ತು ಮೀಟರ್ ದೂರದ ಕಾರ್ಡಿಗೆ ತೂತು ಬೀಳುತ್ತದೆ. ರೈಫಲ್ಲು ರಿಪೇರಿಗೆಂದು ಸೇರಿದ ಮಾಶಾಕ ಎರಡೇ ವರ್ಷದಲ್ಲಿ ಕಲಿಸುವವರೂ ಆದರು. ಮಕ್ಕಳು ಅವರನ್ನು ಕಾಕಾ ಎನ್ನುತ್ತಿದ್ದರು. ಅವರ ಕೈಯಲ್ಲಿ ಕಲಿತ ಇಬ್ಬರು ರಾಜ್ಯಮಟ್ಟಕ್ಕೂ ಹೋಗಿ ಬಂದರು.

ನಾಲ್ಕು ವರ್ಷದ ಹಿಂದೆ ಕ್ಲಬ್ಬಿಗೆ ನಾಲ್ಕು ಲೇಸರ್ ಬಂದೂಕು ದಾನವಾಗಿ ಬಂದವು. ಅವುಗಳಲ್ಲಿ ಗುಂಡಿಲ್ಲ. ಟ್ರಿಗರ್ ಎಳೆದರೆ ಬೆಳಕಿನ ಎಳೆಯೊಂದು ಹೋಗಿ ಎದುರಿನ ಸೆನ್ಸಾರ್ ಪೆಟ್ಟಿಗೆಗೆ ತಾಗುತ್ತದೆ. ಸರಿಯಾಗಿ ಬಿದ್ದರೆ ಹಸಿರು ದೀಪ ಹತ್ತಿ ಅಂಕ ಮೂಡುತ್ತದೆ.

"ಹೊಸಾ ಹುಡುಗರಿಗೆ ಇದರಾಗ ಸುರು ಮಾಡಿಸ್ರಿ ಮಾಶಾಕಣ್ಣ," ಎಂದರು ಸಿದ್ದಲಿಂಗೇಶ. "ಅಪಾಯ ಇಲ್ಲ, ಸೀಸದ ಧೂಳಿಲ್ಲ. ಒಲಿಂಪಿಕ್ಸಿನೊಳಗ ಐದು ಆಟ ಕೂಡಿಸಿ ಆಡೋ ಸ್ಪರ್ಧೆ ಐತೆಲ್ಲ, ಅದರಾಗ ಪಿಸ್ತೂಲು ಬಿಟ್ಟು ಲೇಸರ್ ತಂದು ಎಷ್ಟೋ ವರ್ಷ ಆತು. ಮುಂದ ಎಲ್ಲಾ ಕಡೆ ಇದ ಬರ್ತೈತಿ."

ಮಾಶಾಕ ಒಂದನ್ನು ಎತ್ತಿ ಗುರಿ ಹಿಡಿದು ನೋಡಿದರು. ದೀಪ ಹತ್ತಿತು. ಸದ್ದಿಲ್ಲ, ಭುಜಕ್ಕೆ ಏನೂ ತಿಳಿಯಲಿಲ್ಲ. ಆಮೇಲೆ ನನ್ನೆದುರು ಬೇಸರ ತೋಡಿಕೊಂಡರು.

"ಸರ, ಖರೆ ರೈಫಲ್ಲಿನಾಗ ಟ್ರಿಗರ್ ಎಳದ ಮ್ಯಾಲೂ ಗುಂಡು ನಳಿಗಿ ಬಿಟ್ಟು ಹೋಗೂತನಕ ಅಲಗ್ಯಾಡಂಗಿಲ್ಲ. ಆ ಒಂದು ಉಸರು ತಡಿಯೂದ ಈ ಆಟ. ಬೆಳಕಿಗೆ ಅದೇನೂ ಬೇಕಾಗಿಲ್ಲ. ಇದರಾಗ ಕಲತ ಹುಡುಗ ತಡಿಯೂದ ಕಲಿಯಂಗಿಲ್ಲ."

ಮಾತು ಸುಳ್ಳಲ್ಲ. ಆದರೆ ಅದರ ಹಿಂದೆ ಇನ್ನೊಂದು ಮಾತಿತ್ತು, ಅದನ್ನು ಅವರು ಆಗ ಯಾರಿಗೂ ಹೇಳಲಿಲ್ಲ. ಲೇಸರ್ ಬಂದೂಕಿಗೆ ಸ್ಪ್ರಿಂಗಿಲ್ಲ, ವಾಶರಿಲ್ಲ, ತಿಕ್ಕಬೇಕಾದ ನಳಿಗೆಯಿಲ್ಲ. ಸೆಲ್ಲು ಹಾಕಿದರೆ ಮುಗಿಯಿತು. ಆ ಬಂದೂಕುಗಳನ್ನು ನೋಡಿದಾಗೆಲ್ಲ ಅವರಿಗೆ ಲಕ್ಷ್ಮೇಶ್ವರದ ಅಂಗಡಿಯಲ್ಲಿ ಇಕ್ಕಳ ಒರೆಸುತ್ತ ಕೂತ ತಂದೆ ನೆನಪಾಗುತ್ತಿದ್ದರು.

ಅವರು ನಾಲ್ಕನ್ನೂ ಶೆಡ್ಡಿನ ಹಿಂದಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಒಂದು ತಿಂಗಳಾದ ಮೇಲೆ ಸಿದ್ದಲಿಂಗೇಶ ಕೇಳಿದರು, "ಎಲ್ಲಿ, ಲೇಸರ್ ಕಾಣವಲ್ವು?"

"ನಾಕೂ ಸೆನ್ಸಾರು ಕೆಟ್ಟಾವ್ರಿ ಸಾಹೇಬ್ರ. ಹುಬ್ಬಳ್ಳಿಯೊಳಗೂ ಅದರ ಸಾಮಾನು ಸಿಗಂಗಿಲ್ಲಂತ."

ಒಂದೂ ಕೆಟ್ಟಿರಲಿಲ್ಲ. ಆದರೆ ಬಂದೂಕಿನ ವಿಷಯದಲ್ಲಿ ಮಾಶಾಕ ಕೆಟ್ಟಿದೆ ಎಂದರೆ ಕೆಟ್ಟಿದ್ದೇ. ಮತ್ತೆ ಯಾರೂ ಅದರ ಸುದ್ದಿ ತೆಗೆಯಲಿಲ್ಲ.

ಮರುವರ್ಷ ನಾನು ನಮ್ಮ ಶಾಲೆಯಿಂದ ಎಂಟು ಮಕ್ಕಳನ್ನು ಹೊಸದಾಗಿ ಸೇರಿಸಿದೆ. ಅವರಲ್ಲಿ ರೋಜಾ ಒಬ್ಬಳು. ಹನ್ನೆರಡು ವರ್ಷ, ತೆಳ್ಳನೆಯ ಮೈ, ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳದ ಹುಡುಗಿ. ಊರು ಹಿರೇವಡ್ಡಟ್ಟಿ. ತಂದೆ ಫಕೀರೇಶ ಸಿಂಗಟಾಲೂರಿನ ಏತ ನೀರಾವರಿಯ ಪಂಪ್‌ಹೌಸಿನಲ್ಲಿ ಕಾವಲಿಗಿದ್ದ. ತಾಯಿ ಹುಚ್ಚವ್ವ ಮಗಳನ್ನು ಓದಿಸಲೆಂದು ಬೆಟಗೇರಿಯಲ್ಲಿ ಮನೆ ಮಾಡಿ, ಖಡಕ್ ರೊಟ್ಟಿ ಮಾಡುವ ಕೇಂದ್ರವೊಂದರಲ್ಲಿ ರೊಟ್ಟಿ ಬಡಿಯಲು ಹೋಗುತ್ತಿದ್ದಳು.

ಶ್ರಾವಣದ ಒಂದು ರವಿವಾರ ಬೆಳಿಗ್ಗೆ, ರೋಜಾಳ ಮೂರನೇ ಪಾಠ. ನಾನು ಹೊರಗೆ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ. ರೈಫಲ್ಲಿನ ಭಾರ ಅವಳ ತೋಳಿಗೆ ಇನ್ನೂ ಒಗ್ಗಿರಲಿಲ್ಲ. ಹೊಡೆದ ಗುಂಡು ಕಾರ್ಡು ತಪ್ಪಿ, ಕಾರ್ಡು ಹಿಡಿದಿದ್ದ ಕಬ್ಬಿಣದ ಚೌಕಟ್ಟಿನ ಅಂಚಿಗೆ ಬಡಿದು ಹಿಂದಕ್ಕೆ ಸಿಡಿಯಿತು. ಕ್ಲಬ್ಬಿನ ಸುರಕ್ಷತೆಯ ಕನ್ನಡಕಗಳೆಲ್ಲ ದೊಡ್ಡವರ ಅಳತೆಯವು. ಮೂಗಿನ ಮೇಲೆ ನಿಲ್ಲದೆ ಜಾರುತ್ತದೆಂದು ಅವಳು ಅದನ್ನು ಹಣೆಗೆ ಏರಿಸಿಕೊಂಡಿದ್ದಳು.

ಆಮೇಲೆ ಅವಳು ಮಾಡಿದ್ದನ್ನು ಮಾಶಾಕ ನನಗೆ ಎಷ್ಟೋ ಸಲ ಹೇಳಿದ್ದಾರೆ. ಅವಳು ಕಿರುಚಲಿಲ್ಲ. ಕಲಿಸಿದ್ದ ಹಾಗೆಯೇ ನಳಿಗೆಯನ್ನು ಗುರಿಯ ಕಡೆಗೆ ಮಾಡಿ ರೈಫಲ್ಲನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದಳು. ಆಮೇಲೆ ಎಡಗಣ್ಣಿಗೆ ಕೈ ಹಿಡಿದುಕೊಂಡು, "ಕಾಕಾ, ಏನೋ ಹೊಡೀತು," ಎಂದಳು. ಬೆರಳ ಸಂದಿಯಿಂದ ರಕ್ತ ಬರುತ್ತಿತ್ತು.

ಹುಬ್ಬಳ್ಳಿಯಲ್ಲಿ ಎರಡು ಸಲ ಆಪರೇಶನ್ ಆಯಿತು. ಡಾಕ್ಟರು ತಮ್ಮಿಂದ ಆಗುವುದನ್ನೆಲ್ಲ ಮಾಡಿದರು. ಬಲಗಣ್ಣಿಗೆ ಏನೂ ಆಗಲಿಲ್ಲ. ಎಡಗಣ್ಣಿನಲ್ಲಿ ಬೆಳಕು, ನೆರಳು ಇಷ್ಟು ತಿಳಿಯುತ್ತದೆ. ಎದುರಿಗೆ ನಿಂತವರ ಮುಖ ತಿಳಿಯುವುದಿಲ್ಲ.

ಕಣ್ಣಿಗೆ ಪೆಟ್ಟಾದ ಮರುದಿನ ಮಧ್ಯಾಹ್ನ ಮಾಶಾಕ ಆಸ್ಪತ್ರೆಯಿಂದ ಗದಗಕ್ಕೆ ಬಂದವರು ಮನೆಗೆ ಹೋಗಲಿಲ್ಲ. ನೇರವಾಗಿ ಶೆಡ್ಡಿಗೆ ಹೋಗಿ ಕಪಾಟು ತೆಗೆದರು. ನಾಲ್ಕೂ ಬಂದೂಕಿಗೆ ಹೊಸ ಸೆಲ್ಲು ಹಾಕಿ ಒಂದೊಂದಾಗಿ ಟ್ರಿಗರ್ ಎಳೆದರು.

"ಖರೇನ ಕೆಟ್ಟಿರಲಿ ಅಂತ ಅಲ್ಲಾನ್ನ ಬೇಡಿಕೊಂಡೆ ಸರ. ಒಂದರ ಕೆಟ್ಟಿರಲಿ ಅಂತ. ನಾಕೂ ಹಸಿರ ದೀಪ ಹತ್ತಿದುವು."

ಪೊಲೀಸರು ಬಂದು ವಿಚಾರಿಸಿ ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಸಿದ್ದಲಿಂಗೇಶ ಚೌಕಟ್ಟುಗಳಿಗೆಲ್ಲ ದಪ್ಪ ರಬ್ಬರು ಹೊದಿಸಿ, ಮಕ್ಕಳ ಅಳತೆಯ ಕನ್ನಡಕ ತರಿಸಿದರು. ಯಾರೂ ಮಾಶಾಕ ಅವರನ್ನು ಬೈಯಲಿಲ್ಲ. ಹುಚ್ಚವ್ವನಂತೂ ಅವರನ್ನೇ ಸಮಾಧಾನ ಮಾಡಿದಳು.

"ನೀವ್ಯಾಕ ಕಣ್ಣೀರ ತರ್ತೀರಿ ಅಣ್ಣಾರ. ನಮ್ಮ ಹಣೇಬಾರ ಹಂಗಿತ್ತು. ಓಡಿ ಬಂದು ಎತ್ಕೊಂಡವರ ನೀವು."

ಆಮೇಲಿನ ಎಂಟು ತಿಂಗಳು ರೋಜಾಳನ್ನು ಹುಬ್ಬಳ್ಳಿಗೆ ತಪಾಸಣೆಗೆ ಕರೆದುಕೊಂಡು ಹೋದದ್ದೆಲ್ಲ ಮಾಶಾಕ ಅವರೇ. ಹುಚ್ಚವ್ವನಿಗೆ ಕೆಲಸ ಬಿಡಲು ಆಗುತ್ತಿರಲಿಲ್ಲ, ಫಕೀರೇಶನಿಗೆ ರಜೆ ಸಿಗುತ್ತಿರಲಿಲ್ಲ. ಆ ಋಣಕ್ಕೆಂದು ಹುಚ್ಚವ್ವ ವಾರಕ್ಕೊಮ್ಮೆ ಖಡಕ್ ರೊಟ್ಟಿಯ ಕಟ್ಟು, ಜೊತೆಗೆ ಶೇಂಗಾ ಚಟ್ನಿ ಕಳಿಸುತ್ತಿದ್ದಳು. ಹಾಗೆ ಬಂದ ರೊಟ್ಟಿಯನ್ನು ಮಾಶಾಕ ಒಂದು ಸಲವೂ ಮುಟ್ಟಲಿಲ್ಲ.

ಜನ್ನತಬಿ ಹೆಚ್ಚು ಮಾತಿನವರಲ್ಲ. ಆದರೆ ಒಂದು ಮಧ್ಯಾಹ್ನ ತಾಟು ಮುಂದಿಟ್ಟು ಅಲ್ಲೇ ಕೂತರು.

"ಹುಚ್ಚವ್ವನ ರೊಟ್ಟಿ ನಿಮಗ್ಯಾಕ ಸೇರವಲ್ವು?"

"ಹಲ್ಲು ನೋಯ್ತೈತಿ."

"ನಾ ಮಾಡಿದ ಖಡಕ್ ರೊಟ್ಟಿಗೆ ನೋಯಂಗಿಲ್ಲ, ಆಕಿ ರೊಟ್ಟಿಗಷ್ಟ ನೋಯ್ತೈತೇನು? ಹೇಳ್ರಿ. ಆ ಹುಡುಗಿ ಬಂದಾಗೊಮ್ಮೆ ನೀವು ನೆಲಾ ನೋಡ್ತೀರಿ. ಏನ್ ಮಾಡೀರಿ?"

ಅವರು ಹೇಳಿದರು. ಕೆಡದ ಸೆನ್ಸಾರು, ಕೀಲಿ, ಸುಳ್ಳು, ಎಲ್ಲ. ರೋಜಾ ಕನ್ನಡಕ ಹಣೆಗೇರಿಸಿಕೊಂಡದ್ದನ್ನು ತಾನು ನೋಡಿದ್ದೆನೋ ಇಲ್ಲವೋ ಎಂಬುದು ಎಷ್ಟು ನೆನೆಸಿಕೊಂಡರೂ ತಿಳಿಯುತ್ತಿಲ್ಲ ಎಂಬುದನ್ನೂ ಹೇಳಿದರು. "ನೋಡಿದ್ದೆ ಅಂತ ಒಂದ್ ದಿನ ಅನಸ್ತೈತಿ, ನೋಡಿಲ್ಲ ಅಂತ ಒಂದ್ ದಿನ."

ಜನ್ನತಬಿ, "ನನ್ನ ಮುಂದ ಹೇಳಿ ಹಗುರ ಆಗಬ್ಯಾಡ್ರಿ. ಹೇಳಬೇಕಾದ್ದು ಆಕಿಗೆ," ಎಂದು ತಾಟು ಎತ್ತಿಕೊಂಡು ಹೋದರು.

ಹಾಗೆಂದರೂ ಮಾಶಾಕ ಅವರಿಗೆ ಇನ್ನೊಂದು ತಿಂಗಳು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಜಿಲ್ಲೆಯ ಕ್ಲಬ್ಬುಗಳು, ಶಾಲೆಗಳು ಸೇರಿ ಸಭೆಯೊಂದನ್ನು ಕರೆದವು. ಹದಿನಾಲ್ಕು ವರ್ಷದ ಒಳಗಿನವರ ಪಂದ್ಯವನ್ನು ಇನ್ನು ಮುಂದೆ ಲೇಸರಿನಲ್ಲೇ ನಡೆಸಬೇಕೆ, ಕ್ರಮೇಣ ದೊಡ್ಡವರದನ್ನೂ ಹಾಗೇ ಮಾಡಬೇಕೆ ಎಂಬುದು ವಿಷಯ. ಹಳೆಯ ರೈಫಲ್ಲಿನ ಪರವಾಗಿ ಯಾರಾದರೂ ತಿಳಿದವರು ಮಾತಾಡಬೇಕಿತ್ತು. ಎಲ್ಲರೂ ಒಂದೇ ಬಾಯಲ್ಲಿ ಮಾಶಾಕ ಅವರ ಹೆಸರು ಹೇಳಿದರು. ನಾನೇ ಹೋಗಿ ಒಪ್ಪಿಸಿ ಬಂದೆ. ಅವರು ತಲೆಯಾಡಿಸಿದ ರೀತಿ ನನಗೆ ವಿಚಿತ್ರವೆನಿಸಿತ್ತು.

ಸಭೆಯ ಹಿಂದಿನ ದಿನ ಬೆಳಿಗ್ಗೆ ಅವರು ರೊಟ್ಟಿ ಕೇಂದ್ರಕ್ಕೆ ಹೋದರು. ಹುಚ್ಚವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. "ಬರ್ರಿ ಅಣ್ಣಾರ, ಕುಂಡ್ರಿ," ಎಂದು ಮಣೆ ಸರಿಸಿದಳು. ಮಾಶಾಕ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. ಆ ಒಂದು ರೊಟ್ಟಿ ಹಂಚಿಗೆ ಹೋಗಿ, ಬೆಂದು, ಹೊರಬಂದ ಮೇಲೆಯೇ ಅವಳು ಮಾತಾಡಿದ್ದು.

"ಅಂದ್ರ, ನನ್ನ ಮಗಳ ಕೈಗೆ ಆ ಬೆಳಕಿನ ಬಂದೂಕ ಕೊಡಬಹುದಿತ್ತು."

"ಹೌದು."

"ಚಲೋ ಇದ್ದುವು."

"ಚಲೋ ಇದ್ದುವು. ನಾನ ಕೆಟ್ಟಾವು ಅಂದೆ."

"ಅವತ್ತ ಹೇಳಿದ್ರ ಬಾಯಿಗೆ ಬಂದಂಗ ಬೈದು ಬಿಡ್ತಿದ್ದೆ ಅಣ್ಣಾರ. ಅತ್ತು ಸುಮ್ನಾಗ್ತಿದ್ದೆ. ಒಂಬತ್ತು ತಿಂಗಳು ನಿಮ್ಮನ್ನ ದೇವರಂಗ ನೋಡಿದೆ. ರೊಟ್ಟಿ ಕಳಿಸಿದೆ. ಅದನ್ನ ಹೆಂಗ ತಿರುಗಿ ತಗೊಳ್ಳಿ ನಾನು?"

"ತಿಂದಿಲ್ಲವ್ವಾ ನಾ."

"ತಿಂದ್ರೇನು ಬಿಟ್ರೇನು. ಹೋಗ್ರಿ ಇಲ್ಲಿಂದ."

ಮರುದಿನ ಶೆಡ್ಡಿನಲ್ಲೇ ಸಭೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಮಾಸ್ತರರೂ ಬಂದಿದ್ದರು. ಲೇಸರಿನ ಪರವಾಗಿ ಮಾತಾಡಿದವರು, ಅದನ್ನು ಯಾವ ಶಾಲೆಯ ಕೋಣೆಯಲ್ಲಾದರೂ ಇಡಬಹುದು, ಹೆಣ್ಣುಮಕ್ಕಳ ತಂದೆತಾಯಿ ಹೆದರುವುದಿಲ್ಲ ಎಂದರು. ವಿರೋಧಿಸಿದವರು, ಹಾಗಾದರೆ ಇದು ಮೊಬೈಲಿನ ಆಟವಾಗುತ್ತದೆ, ನಮ್ಮ ಮಕ್ಕಳು ಮುಂದಿನ ಹಂತದಲ್ಲಿ ಖರೆ ರೈಫಲ್ಲು ಹಿಡಿದವರೆದುರು ಸೋಲುತ್ತಾರೆ ಎಂದರು. ಆಮೇಲೆ ಮಾಶಾಕ ಎದ್ದು ನಿಂತರು. ಚೀಟಿಯಿಲ್ಲ, ಏನಿಲ್ಲ.

"ರೈಫಲ್ಲು ಚಲೋ, ಲೇಸರ್ ಸಪ್ಪಗ ಅಂತ ಹೇಳ್ಸಾಕ ನನ್ನ ಕರದೀರಿ. ರೈಫಲ್ಲು ಕಲಸೂದು ಲೇಸರ್ ಕಲಸಂಗಿಲ್ಲ, ಅದು ಖರೆ ಐತಿ. ಆದ್ರ ಲೇಸರ್ ಇಟ್ಟು ಕೀಲಿ ಹಾಕಿದ್ದು ಆಟದ ಸಲುವಾಗಿ ಅಲ್ರಿ, ನನ್ನ ಸಲುವಾಗಿ. ಅವು ಬಂದ್ರ ನನ್ನ ಯಾರು ಕೇಳ್ತಾರ ಅಂತ ಅಂಜಿದೆ. ಕೆಟ್ಟಾವು ಅಂತ ಸಾಹೇಬ್ರಿಗೆ ಸುಳ್ಳ ಹೇಳಿದೆ. ರೋಜಾನ ಕಣ್ಣು ಹೋತು. ಮೊದಲನೇ ವರ್ಷ ಯಾವ ಹುಡುಗರ ಕೈಯಾಗೂ ಸೀಸ ಕೊಡಬ್ಯಾಡ್ರಿ. ಇಷ್ಟ ನಾ ಹೇಳೂದು."

ನನಗೆ ತಲೆ ಎತ್ತಲಾಗಲಿಲ್ಲ. ಆ ಮಗುವನ್ನು ಸೇರಿಸಿದವನು ನಾನು, ಆ ಹೊತ್ತಿಗೆ ಚಹಾ ಕುಡಿಯುತ್ತಿದ್ದವನೂ ನಾನು. ಸಿದ್ದಲಿಂಗೇಶರ ಮುಖ ಕೆಂಪಾಗಿತ್ತು. "ನಾ ಒಂದ್ ಸಲ ಆ ಕಪಾಟು ತಗದು ನೋಡಲಿಲ್ಲ," ಎಂದು ಅವರು ತಮಗೆ ತಾವೇ ಅಂದುಕೊಂಡದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು.

ಹದಿನಾಲ್ಕರ ಒಳಗಿನವರಿಗೆ ಲೇಸರ್, ಮೇಲಿನವರಿಗೆ ರೈಫಲ್ಲು ಎಂದು ಸಭೆ ತೀರ್ಮಾನಿಸಿತು. ಎಲ್ಲವನ್ನೂ ಲೇಸರ್ ಮಾಡುವ ಮಾತು ಅಲ್ಲಿಗೇ ನಿಂತಿತು. ಸಿದ್ದಲಿಂಗೇಶ ಪೊಲೀಸ್ ಠಾಣೆಗೆ ಹೋಗಿ ಹೊಸ ವಿಷಯ ತಿಳಿಸಿದರು. ಮಾಶಾಕ ಕೂಡ ಹೋಗಿ ಹೇಳಿಕೆ ಕೊಟ್ಟರು. ಫಕೀರೇಶ ದೂರು ಕೊಡುವುದಿಲ್ಲ ಎಂದ. ಮಾಶಾಕ ಅವರ ಕ್ಲಬ್ಬಿನ ಕೆಲಸ ಹೋಯಿತು. ಆದರೆ ಲೇಸರ್ ಕಲಿಸಲು ಬರುವವರು ಜಿಲ್ಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಶಿರಹಟ್ಟಿ, ಮುಂಡರಗಿಯ ಶಾಲೆಗಳು ಮಾಶಾಕ ಅವರನ್ನೇ ಕರೆದವು. ಅವರು ಮೊದಲು ಒಪ್ಪಲಿಲ್ಲ. ಆ ಬಂದೂಕಿನಿಂದ ಹೊಟ್ಟೆ ಹೊರೆಯುವುದೆಂದರೆ ಅವರಿಗೆ ನಾಚಿಕೆ. ಜನ್ನತಬಿ, "ಹೊಟ್ಟಿಗಾಗಿ ಬ್ಯಾಡ, ಆ ಮಕ್ಕಳಿಗಾಗಿ ಹೋಗ್ರಿ," ಎಂದು ಚೀಲ ಕೈಗೆ ಕೊಟ್ಟರು.

ಹೋದ ವರ್ಷ ರೋಜಾಳಿಗೆ ಹದಿನಾಲ್ಕು ತುಂಬಿತು. ಶಾಲೆಯಲ್ಲಿ ಲೇಸರ್ ಹಿಡಿದು ಒಂದು ವರ್ಷ ಅಭ್ಯಾಸ ಮಾಡಿದ್ದ ಅವಳು, ಈಗ ರೈಫಲ್ಲೇ ಬೇಕು ಎಂದು ಹಟ ಹಿಡಿದಳು. ಗುರಿ ಹಿಡಿಯುವುದು ಹೇಗೂ ಬಲಗಣ್ಣಿನಲ್ಲೇ. ಹುಚ್ಚವ್ವ ನನ್ನ ಮೇಲೆ ಸಿಟ್ಟಾದಳು, ಅತ್ತಳು, ಕೊನೆಗೆ, "ಮಾಶಾಕಣ್ಣನ್ನ ಕರೀರಿ," ಎಂದಳು. ರೊಟ್ಟಿ ಕೇಂದ್ರದ ಆ ಬೆಳಗಿನ ಮೇಲೆ ಆ ಹೆಸರು ಅವಳ ಬಾಯಿಗೆ ಬಂದದ್ದು ಅದೇ ಮೊದಲು.

ಅವರು ಬಂದು ಹೊಸ್ತಿಲ ಹೊರಗೆ ನಿಂತರು. ರೋಜಾ ಒಳಗಿನಿಂದ ಓಡಿ ಬಂದಳು.

"ಕಾಕಾ, ನೀವರ ಹೇಳ್ರಿ ಅವ್ವಗ. ಲೇಸರಿನಾಗ ದೀಪ ಹತ್ತಿ ಆರ್ತೈತಿ, ನಾ ಹೊಡದದ್ದು ಎಲ್ಲೂ ಉಳಿಯಂಗಿಲ್ಲ. ಕಾರ್ಡಿನಾಗ ತೂತು ಇರ್ತೈತಿ, ನನ್ನ ಕೈಯಾಗ ಹಿಡದು ನೋಡಬಹುದು."

"ನೀ ಸುಮ್ನಿರು," ಎಂದಳು ಹುಚ್ಚವ್ವ. ಆಮೇಲೆ ಮಾಶಾಕ ಅವರ ಕಡೆ ತಿರುಗಿದಳು. "ಒಮ್ಮೆ ಸುಳ್ಳ ಹೇಳೀರಿ. ಈಗ ಖರೆ ಹೇಳ್ರಿ. ಕೊಡ್ಲೋ ಬ್ಯಾಡೋ?"

ಬೇಡ ಎಂದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಮಾಶಾಕ ಅವರಿಗೂ ಅದೇ ಸುಲಭವಿತ್ತು. ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂದು ಆಮೇಲೆ ನನ್ನೆದುರು ಒಪ್ಪಿಕೊಂಡರು.

"ಕೊಡ್ರಿ," ಎಂದರು ಅವರು. "ಆಕಿ ಕೈ ಗಟ್ಟಿ ಆಗೈತಿ. ರಬ್ಬರು ಬಿಗಿದ ಚೌಕಟ್ಟು, ಅಳತಿ ಕನ್ನಡಕ ಇದ್ರ ಅಂಜಿಕಿ ಭಾಳ ಇಲ್ಲ. ಆದ್ರ ಅಂಜಿಕಿನ ಇಲ್ಲ ಅಂತ ನಾ ಹೇಳಂಗಿಲ್ಲವ್ವಾ. ಉಳದದ್ದೂ ಒಂದ ಕಣ್ಣು. ನೀವ ತಾಯಿ, ನೀವ ನೋಡ್ರಿ."

ಹುಚ್ಚವ್ವ ಮಗಳ ಮುಖವನ್ನು ನೋಡಿದಳು.

"ಹೋಗಲಿ. ಆದ್ರ ನೀವು ಬಾಜೂಕ ನಿಂತು ಕಲಸೂದು ಬ್ಯಾಡ. ನನಗ ನೋಡಾಕ ಆಗಂಗಿಲ್ಲ." ಮತ್ತೆ ಹೇಳಿದಳು, "ಆ ಕಬ್ಬಿಣ, ಆ ರಬ್ಬರು, ಕನ್ನಡಕ, ಅದನ್ನಷ್ಟ ನೀವ ನೋಡ್ರಿ. ನಿಮ್ಮಷ್ಟು ಅಂಜಿದವರು ಆ ಶೆಡ್ಡಿನಾಗ ಮತ್ಯಾರೂ ಇಲ್ಲ."

ಒಳಗೆ ಬನ್ನಿ ಎಂದು ಅವಳು ಕರೆಯಲಿಲ್ಲ. ಅವರೂ ಕಾಯಲಿಲ್ಲ.

ಈಗ ವಾರಕ್ಕೆ ಮೂರು ದಿನ ಮುಂಜಾನೆ ಮಾಶಾಕ ಶೆಡ್ಡಿಗೆ ಬರುತ್ತಾರೆ. ಸಿದ್ದಲಿಂಗೇಶ ಕೀಲಿ ಕೊಟ್ಟಿದ್ದಾರೆ, ಹೆಚ್ಚು ಮಾತಾಡುವುದಿಲ್ಲ. ಮಾಶಾಕ ಒಂದೊಂದೇ ಚೌಕಟ್ಟಿನ ಅಂಚಿನ ಮೇಲೆ ಬೆರಳಾಡಿಸಿ, ರಬ್ಬರು ಎಲ್ಲಿ ಹರಿದಿದೆ ನೋಡಿ, ಹೊಸದನ್ನು ಬಿಗಿಯುತ್ತಾರೆ. ಕನ್ನಡಕಗಳನ್ನು ತೊಳೆದು ಸಾಲಾಗಿ ಇಡುತ್ತಾರೆ. ರೋಜಾಳಿಗೆ ಕಲಿಸುವವಳು ಅವರ ಕೈಯಲ್ಲೇ ಕಲಿತ ತಬಸ್ಸುಮ ಎಂಬ ಹುಡುಗಿ. ಮಕ್ಕಳು ಬರುವ ಹೊತ್ತಿಗೆ ಅವರು ಹೊರಟಿರುತ್ತಾರೆ. ಈ ವರ್ಷ ಜಿಲ್ಲಾ ಪಂದ್ಯದಲ್ಲಿ ರೋಜಾ ನಾಲ್ಕನೆಯವಳಾದಳು. ಅಂದು ಅವಳು ಕಾರ್ಡನ್ನು ಮಾಶಾಕ ಅವರಿಗೆ ಕೊಡಿರೆಂದು ನನ್ನ ಕೈಗೆ ಕೊಟ್ಟಳು.

ನಾನು ಅದನ್ನು ಬಸ್ ನಿಲ್ದಾಣಕ್ಕೆ ಒಯ್ದು ಕೊಟ್ಟೆ. ಅವರು ಶಿರಹಟ್ಟಿಯ ಬಸ್ಸಿಗೆ ನಿಂತಿದ್ದರು. ಕಾರ್ಡನ್ನು ಬೆಳಕಿಗೆ ಹಿಡಿದು ತೂತುಗಳನ್ನು ನೋಡಿದರು. ಎಡಕ್ಕೆ ಸರಿದ ಎರಡನ್ನು ತೋರಿಸಿ, "ಇಲ್ಲಿ ಆಕಿ ಅವಸರ ಮಾಡ್ಯಾಳ. ತಬಸ್ಸುಮಗ ಹೇಳ್ರಿ, ನಾ ಹೇಳಿದೆ ಅನ್ನಬ್ಯಾಡ್ರಿ," ಎಂದರು.

"ಕಾರ್ಡು ನೀವ ಇಟ್ಟುಕೊಳ್ರಿ, ಹುಡುಗಿ ನಿಮಗಂತ ಕೊಟ್ಟಾಳ," ಎಂದೆ.

ಅವರು ಅದನ್ನು ಮಡಚದೆ ಹಾಗೆಯೇ ನನ್ನ ಕೈಯಲ್ಲಿಟ್ಟರು. "ಇಲ್ರಿ ಸರ. ಅದು ಅವರವ್ವನ ಮನ್ಯಾಗ ಇರಲಿ." ಅಷ್ಟರಲ್ಲಿ ಬಸ್ಸು ಬಂತು. ಅವರು ಲೇಸರ್ ಬಂದೂಕಿನ ಚೀಲವನ್ನು ಎದೆಗವಚಿಕೊಂಡು, ಜನರ ನಡುವೆ ಜಾಗ ಮಾಡಿಕೊಂಡು ಹತ್ತಿದರು.